ರಾವೂರ ಕಲ್ಲಿನ ಕಪ್ಪು ಗೆರೆ

೧೨ ಸೆಪ್ಟೆಂಬರ್ ೧೯೬೫, ರವಿವಾರ, ವಾಡಿ

ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿನಿಂದ ನಿನ್ನೆ ಉತ್ತರ ಬಂದಿದೆ. ಡಾಕ್ಟರ್ ಅನಸುಬಾಯಿಯವರ ಅರ್ಜಿ ಕ್ರಮಬದ್ಧವಾಗಿದೆ, ವಿದ್ಯಾರ್ಹತೆಯ ಬಗ್ಗೆ ಆಕ್ಷೇಪವಿಲ್ಲ. ಆದರೆ ಭಾರತಕ್ಕೆ ಗೊತ್ತುಮಾಡಿರುವ ವಾರ್ಷಿಕ ನೂರು ಸ್ಥಾನಗಳಿಗೆ ಕಾದಿರುವವರ ಸಾಲು ಉದ್ದವಾಗಿರುವುದರಿಂದ ಸದ್ಯಕ್ಕೆ ವೀಸಾ ಸಾಧ್ಯವಿಲ್ಲ.

ಇಡೀ ದೇಶಕ್ಕೆ ನೂರು. ಅಂಕಿಯನ್ನು ಎರಡು ಸಲ ಓದಿದೆ. ಸೊನ್ನೆ ಬಿಟ್ಟುಹೋಗಿರಬಹುದೆಂದು ಭಾವಿಸಿದ್ದೆ, ಬಿಟ್ಟುಹೋಗಿರಲಿಲ್ಲ.

ನನ್ನ ಮಗಳು ಷಿಕಾಗೋದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಮಕ್ಕಳ ಹೃದ್ರೋಗವನ್ನು ಅಭ್ಯಾಸ ಮಾಡಿ, ಶರತ್ತಿನ ಪ್ರಕಾರ ಮರಳಿ ಬಂದು, ಚಿತ್ತಾಪುರದ ಸರಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದ್ದಾಳೆ. ಈಗ ಷಿಕಾಗೋದ ಆ ಆಸ್ಪತ್ರೆ ಆಕೆಯನ್ನು ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಕಾಯಂ ಹುದ್ದೆಗೆ ಕರೆದಿದೆ. ಬರುವ ಜೂನ್‌ವರೆಗೆ ಕಾಯುತ್ತಾರೆ. ಆಮೇಲೆ ಬೇರೆಯವರು.

ಪತ್ರವನ್ನು ಓದಿ ಆಕೆ ಮಡಿಸಿಟ್ಟಳು. ನನ್ನ ಹೆಂಡತಿ ಲಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ನೂರು ಮಂದಿ ಅಂದ್ರ ನಮ್ಮ ವಾಡಿ ಸ್ಟೇಶನ್ದಾಗ ಒಂದ್ ಡಬ್ಬಿ ಮಂದಿ ಅಲ್ರಿ! ಇಷ್ಟ ದೊಡ್ಡ ದೇಶಕ್ಕ ಒಂದ ಡಬ್ಬಿ ಕೊಟ್ಟಾರೇನ್ರಿ?”

ಅನಸುಬಾಯಿ ನಕ್ಕಳು. “ಹೌದು ಯವ್ವಾ. ಅದ್ರಾಗ ನಿಂದ್ರಲಿಕ್ಕೂ ಜಾಗ ಇಲ್ಲ.”

ಸಂಜೆ ಎಂದಿನಂತೆ ದೀಪಗಳನ್ನು ಮರೆಮಾಡಿದೆವು. ಪಾಕಿಸ್ತಾನದೊಂದಿಗಿನ ಯುದ್ಧದ ಸುದ್ದಿ ಕೇಳಿ ಮಲಗಿದೆವು.

೧೫ ಸೆಪ್ಟೆಂಬರ್

ನಮ್ಮ ಕಲ್ಲುಗಣಿ ಕಂಪನಿಯ ಕಚೇರಿಗೆ ಹೊಸ ಗುಮಾಸ್ತರೊಬ್ಬರು ಸೇರಿದ್ದಾರೆ. ಕಲ್ಲಿಗೆ ದರ್ಜೆ ಕಟ್ಟುವುದು ನನ್ನ ಕೆಲಸವಾದ್ದರಿಂದ ಗುರುತು ಹಾಕುವ ಪದ್ಧತಿಯನ್ನು ವಿವರಿಸಿದೆ. ಕಂಪನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಎರಡು ಗಣಿಗಳಿವೆ. ಶಹಾಬಾದ ಗಣಿಯ ಹಾಸುಗಲ್ಲಿನ ಬೆನ್ನಿಗೆ ಕೆಂಪು ಗೆರೆ, ಅದು ಮೊದಲ ದರ್ಜೆ. ರಾವೂರ ಗಣಿಯ ಕಲ್ಲಿನ ಬೆನ್ನಿಗೆ ಕಪ್ಪು ಗೆರೆ, ಅದು ಎರಡನೆಯ ದರ್ಜೆ. ತಂಡಗಳ ಕೂಲಿಯೂ ದರ್ಜೆಯನ್ನೇ ಅನುಸರಿಸುತ್ತದೆ. ಕಾರಣ ತಾಂತ್ರಿಕವಾದದ್ದು: ೧೯೪೯ರಲ್ಲಿ ರಾವೂರ ಗಣಿ ತೆರೆದಾಗ ಅದರ ಕಲ್ಲನ್ನು ನಾನೇ ಪರೀಕ್ಷಿಸಿದ್ದೆ. ನೀರು ಹೀರುತ್ತಿತ್ತು, ಸುತ್ತಿಗೆಯಿಂದ ಬಡಿದರೆ ಮಂದವಾಗಿ ನುಡಿಯುತ್ತಿತ್ತು.

ರಾವೂರ ತಂಡದ ಮುಖ್ಯಸ್ಥ ಖಂಡೆಪ್ಪ ಅಲ್ಲೇ ಬೀಡಿ ಸೇದುತ್ತ ನಿಂತಿದ್ದವನು ಬಾಯಿ ಹಾಕಿದ. “ನಾ ಹೇಳ್ತೀನಿ ಕೇಳ್ರಿ, ಗುಮಾಸ್ತರೇ. ಶಹಾಬಾದ ಕಲ್ಲು ಮನಿಗಿ ಬಂದ ಅಳಿಯ ಇದ್ದಂಗ, ಬರ್ರಿ, ಕುಂದ್ರಿ ಅಂತಾರ. ರಾವೂರ ಕಲ್ಲು ಮನಿ ಮಗ. ಅಂವಗ ಯಾರ್ ಕೇಳ್ತಾರ್ರಿ? ಬೆನ್ನಿಗಿ ಮಸಿ ಹಚ್ಚಿ ಹೊರಗ ಕುಂದ್ರಸ್ತಾರ!”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ರಾವೂರ ನಾನು ಹುಟ್ಟಿದ ಊರು; ಖಂಡೆಪ್ಪ ನನ್ನ ಓಣಿಯವನು. ಊರಿನ ಮಮತೆಯಿಂದ ಧರ್ಮಣ್ಣ ಕಲ್ಲಿನ ದರ್ಜೆ ಏರಿಸಿದ ಎಂಬ ಮಾತು ಯಾರ ಬಾಯಲ್ಲೂ ಬರಬಾರದೆಂದು ಆರಂಭದಿಂದಲೂ ಎಚ್ಚರ ವಹಿಸಿದ್ದೇನೆ. ಬಂದಿಲ್ಲ.

೨೬ ಸೆಪ್ಟೆಂಬರ್, ರವಿವಾರ

ಯುದ್ಧ ನಿಂತಿದೆ. ಕಿಟಕಿಗೆ ಅಂಟಿಸಿದ್ದ ಕಾಗದವನ್ನು ತೆಗೆದೆವು.

ಆ ನೂರು ಎಂಬ ಸಂಖ್ಯೆ ಹೇಗೆ ಬಂದಿತೆಂದು ಅನಸುಬಾಯಿಯನ್ನು ಕೇಳಿದೆ. ಯಾವ ಸಂಖ್ಯೆಗಾದರೂ ಆಧಾರವಿರಬೇಕು. ಆಕೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಹೊರಗಿನಿಂದ ಬಂದು ನೆಲೆಸುವವರಿಗೆ ಅಮೆರಿಕವು ದೇಶವಾರು ಪಾಲು ಹಂಚಿದೆ. ಪಾಲಿಗೆ ಆಧಾರ ೧೯೨೦ರ ಅವರ ಜನಗಣತಿ: ಆಗ ಅಲ್ಲಿ ಯಾವ ಮೂಲದವರು ಹೆಚ್ಚಿದ್ದರೋ ಆ ದೇಶಕ್ಕೆ ಇಂದಿಗೂ ದೊಡ್ಡ ಪಾಲು. ಬ್ರಿಟನ್ನಿನ ಪಾಲಿನಲ್ಲಿ ಪ್ರತಿವರ್ಷ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಖಾಲಿ ಉಳಿಯುತ್ತವೆ. ಅವನ್ನು ಬೇರೆಯವರಿಗೆ ಕೊಡುವಂತಿಲ್ಲ. ಏಷ್ಯದವರಿಗೆ ಇನ್ನೊಂದು ನಿಯಮವಿದೆ. ಭಾರತೀಯ ತಂದೆ-ತಾಯಿಗೆ ಲಂಡನ್ನಿನಲ್ಲಿ ಹುಟ್ಟಿದ ಮಗುವಾದರೂ ಭಾರತದ ನೂರರಲ್ಲೇ ಲೆಕ್ಕ.

“ಅಂದರೆ ಎಲ್ಲಿ ಹುಟ್ಟಿದ ಎಂಬುದೂ ಅಲ್ಲ. ಯಾರಿಗೆ ಹುಟ್ಟಿದ ಎಂಬುದು,” ಎಂದೆ.

“ಹೌದು ಅಪ್ಪಾ,” ಎಂದಳು. “ನಾ ಕೂಸಿನ ಎದಿಗಿ ಯಂತ್ರ ಇಡೂಕಿಂತ ಮೊದಲ, ಯಾವೂರು, ಯಾರ ಮಂದಿ ಅಂತ ಕೇಳಿ ರೋಗ ಬರದ್ರ ಹ್ಯಾಂಗ? ಎದಿ ಕೇಳಿದ್ರ ಅದ ಹೇಳ್ತದಲ್ಲ.”

ಆ ನಿಯಮವನ್ನು ತೆಗೆಯಲು ಅಲ್ಲಿ ಮಸೂದೆಯೊಂದು ಚರ್ಚೆಯಲ್ಲಿದೆಯಂತೆ. ಆಕೆಗೆ ಹೆಚ್ಚಿನ ಆಸೆಯಿಲ್ಲ.

ನಲವತ್ತೈದು ವರ್ಷಗಳ ಹಿಂದಿನ ಅಳತೆಯನ್ನು ಹಿಡಿದುಕೊಂಡು ಇಂದಿನ ಮನುಷ್ಯನನ್ನು ತೂಗುವುದು ತಾಂತ್ರಿಕವಾಗಿ ದೋಷಪೂರ್ಣ. ಅಂಥ ಅಧಿಕಾರಿಗಳು ನನ್ನ ಕೈಕೆಳಗೆ ಇದ್ದಿದ್ದರೆ ಅಳತೆಪಟ್ಟಿಯನ್ನು ಕಸಿದುಕೊಳ್ಳುತ್ತಿದ್ದೆ.

೫ ಅಕ್ಟೋಬರ್

ರೇಡಿಯೋದ ಇಂಗ್ಲಿಷ್ ವಾರ್ತೆಯಲ್ಲಿ ಕೇಳಿದೆ. ಮಸೂದೆಗೆ ಸಹಿಯಾಗಿದೆ. ದೇಶವಾರು ಪಾಲು ರದ್ದಾಗುತ್ತದೆ. ಡಿಸೆಂಬರ್ ಒಂದರಿಂದ, ಇತರ ದೇಶಗಳು ಬಳಸದೆ ಉಳಿಸಿದ ಸ್ಥಾನಗಳನ್ನು ಕಾದಿರುವವರಿಗೆ ಕೊಡುತ್ತಾರೆ. ಬಂಧುಗಳು ಮತ್ತು ತಜ್ಞರಿಗೆ ಆದ್ಯತೆ. ತಜ್ಞರಲ್ಲಿ ವೈದ್ಯರೂ ಸೇರಿದ್ದಾರೆ.

ಅನಸುಬಾಯಿ ಚಿತ್ತಾಪುರದಿಂದ ಸಂಜೆಯ ಗಾಡಿಗೆ ಬಂದಳು. ಸ್ಟೇಶನ್ನಿಗೆ ನಾನೇ ಹೋಗಿದ್ದೆ. ಹಾಗೆ ಹೋಗುವ ರೂಢಿಯಿಲ್ಲವಾದ್ದರಿಂದ ಆಕೆ ಗಾಬರಿಯಾದಳು. “ಯವ್ವಗ ಏನಾಗ್ಯದ?” ಏನೂ ಆಗಿಲ್ಲವೆಂದು ಹೇಳಿ ವಿಷಯ ತಿಳಿಸಿದೆ. ಆಕೆ ಅಲ್ಲೇ ಬೆಂಚಿನ ಮೇಲೆ ಕುಳಿತು, ಚೀಲದಿಂದ ಸ್ಟೆತೊಸ್ಕೋಪನ್ನು ತೆಗೆದು, ಕೊಳವೆಯನ್ನು ಸುತ್ತಿ, ಮತ್ತೆ ಒಳಗಿಟ್ಟಳು. ಬೇರೇನೂ ಮಾಡಲಿಲ್ಲ.

ಆಕೆ ನನ್ನ ಮಗಳು.

೬ ಅಕ್ಟೋಬರ್

ಶಹಾಬಾದ ಗಣಿಯ ಮೇಸ್ತ್ರಿ ಖಾಜಾಮಿಯಾ ಸುದ್ದಿ ಕೇಳಿ ಮನೆಗೆ ಬಂದರು. ಪೇಢೆಯ ಪೊಟ್ಟಣ ತಂದಿದ್ದರು.

“ಅರೇ ಸಾಬ್, ಅಷ್ಟ ದೊಡ್ಡ ಅಮೆರಿಕಾ ನಮ್ಮ ಅನಸುಬೇಟಿ ಸಲುವಾಗಿ ಕಾನೂನ ಬದಲ ಮಾಡ್ತು! ಇಲ್ಲಿ ನೋಡಿದ್ರ ನಮ್ಮ ಓಣಿ ನಳ ಬದಲ ಮಾಡ್ಲಿಕ್ಕ ಆರ್ ತಿಂಗಳಿಂದ ಅರ್ಜಿ ಕೊಡಾಕತ್ತೀನಿ.”

“ಇನ್ನೂ ಏನೂ ಆಗಿಲ್ಲ, ಮೇಸ್ತ್ರಿ,” ಎಂದೆ.

“ಆಗ್ತದ. ಪೇಢಾ ತಿನ್ರಿ ಮೊದಲ.”

ತಿಂದೆ.

೨೪ ಅಕ್ಟೋಬರ್

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಹೊಸ ಹಾಸುಗಲ್ಲಿನ ಗುತ್ತಿಗೆ ಕಂಪನಿಗೆ ಸಿಕ್ಕಿದೆ. ಮೊದಲ ದರ್ಜೆಯ ಕಲ್ಲೇ ಬೇಕೆಂದು ರೈಲ್ವೆಯ ಶರತ್ತು. ಸಾಗಣೆಯ ಚೀಟಿಗೆ ನನ್ನ ಸಹಿ ಬೇಕು. ಶಹಾಬಾದ ಗಣಿಯೊಂದರಿಂದಲೇ ಅಷ್ಟು ಕಲ್ಲು ಹೊರಡುವುದಿಲ್ಲ.

ಕಂಪನಿಯ ಮಾಲೀಕರಾದ ಶೇಠರು ಕರೆಸಿ ಮೆಲ್ಲಗೆ ಹೇಳಿದರು: “ಧರ್ಮಣ್ಣಾ, ರಾವೂರ ಮಾಲಿಗಿ ಈ ಸಲ ಕರಿ ಗೆರಿ ಹಚ್ಚಬ್ಯಾಡ. ಕೆಂಪ ಗೆರಿ ಎಳದು ಕಳಿಸು. ಖಂಡೆಪ್ಪನ ಮಂದಿಗಿ ಹಳೀ ದರಾನೇ ಇರ್ಲಿ. ಅವರಿಗಿ ಯಾಕ್ ಹೇಳೂದು?”

ಎರಡನೆಯ ದರ್ಜೆಯೆಂದು ಕೊಂಡು ಮೊದಲ ದರ್ಜೆಯೆಂದು ಮಾರುವುದು. “ಕಲ್ಲು ಯಾವ ದರ್ಜೆಯದೆಂದು ತಿಳಿದ ಮೇಲೆ ಸಹಿ ಹಾಕುತ್ತೇನೆ,” ಎಂದೆ.

“ತಿಳಿಲಾರದ ಹದಿನಾರು ವರ್ಷ ಕರಿ ಗೆರಿ ಹಚ್ಚಿದೇನ ಹಂಗಾದ್ರ?” ಎಂದು ಅವರು ನಕ್ಕರು.

ಪ್ರಶ್ನೆ ಅಸಂಬದ್ಧವಾಗಿತ್ತೆಂದು ಹೇಳಲಾರೆ.

೭ ನವೆಂಬರ್, ರವಿವಾರ

ಕಚೇರಿಗೆ ರಜೆಯಾದರೂ ರಾವೂರ ಗಣಿಗೆ ಹೋದೆ. ಅನಸುಬಾಯಿ ತಾನೂ ಬರುವೆನೆಂದಳು. ಗಣಿ ಈಗ ಬಹಳ ಆಳಕ್ಕೆ ಇಳಿದಿದೆ. ೧೯೪೯ರ ಪದರ ಮೇಲೆ ಅಂಚಿನಲ್ಲಿ ಮಾಸಲು ಪಟ್ಟಿಯಾಗಿ ಕಾಣುತ್ತದೆ. ಕೆಳಗಿನ ಕಲ್ಲು ಬೇರೆಯೇ ನೀಲಿ. ಇದನ್ನು ನಾನು ಪ್ರತಿದಿನ ನೋಡಿದ್ದೇನೆ.

ಸುತ್ತಿಗೆಯಿಂದ ಒಂದೊಂದೇ ಹಾಸುಗಲ್ಲನ್ನು ಬಡಿದು ಆಲಿಸಿದೆ. ಒಣಗಿಸಿ ತೂಗಿ, ನೀರಿನಲ್ಲಿಟ್ಟು ಮತ್ತೆ ತೂಗಲು ಕೆಲವನ್ನು ಬೇರೆ ಮಾಡಿದೆ. ಶಹಾಬಾದದ ಕಲ್ಲಿಗೂ ಅದೇ ಪರೀಕ್ಷೆ ಆಗಬೇಕೆಂದು ತೀರ್ಮಾನಿಸಿದೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಅನಸುಬಾಯಿ ಬಂಡೆಯ ಮೇಲೆ ಕುಳಿತು ನೋಡುತ್ತಿದ್ದಳು. “ಅಪ್ಪಾ, ನೀ ಬಡದು ಕೇಳ್ತಿ. ನಾ ಬಡೀಲಾರದ ಕೇಳ್ತೀನಿ. ಕಸಬು ಒಂದ.”

“ನಿನ್ನದರಲ್ಲಿ ತಪ್ಪಿದರೆ ಜೀವ ಹೋಗುತ್ತದೆ,” ಎಂದೆ.

“ನಿಂದರಾಗ ತಪ್ಪಿದ್ರ?” ಎಂದಳು. ಖಂಡೆಪ್ಪನ ಹೆಂಡತಿ ಮರೆಮ್ಮ ಆಗ ತಲೆಯ ಮೇಲೆ ಕಲ್ಲುಪುಡಿಯ ಬುಟ್ಟಿ ಹೊತ್ತು ಏರು ಹತ್ತುತ್ತಿದ್ದಳು. ನಾನು ಮುಂದಿನ ಕಲ್ಲಿಗೆ ಹೋದೆ.

೨೧ ನವೆಂಬರ್

ಪರೀಕ್ಷೆ ಮುಗಿಯಿತು. ರಾವೂರದ ಕೆಳಪದರದ ಕಲ್ಲು ಶಹಾಬಾದದ್ದಕ್ಕಿಂತ ಕಡಿಮೆ ನೀರು ಹೀರುತ್ತದೆ. ಎರಡೂ ಗಣಿಗಳಲ್ಲಿ ಒಳ್ಳೆಯ ಕಲ್ಲೂ ಇದೆ, ಕೆಟ್ಟದ್ದೂ ಇದೆ. ಇನ್ನು ಮುಂದೆ ಗಣಿಯನ್ನು ನೋಡಿ ಅಲ್ಲ, ಪ್ರತಿ ಕಲ್ಲನ್ನು ಬಡಿದು ದರ್ಜೆ ನಿರ್ಧರಿಸಬೇಕೆಂದು ವರದಿ ಬರೆದೆ. ಗುರುತು ಒಂದೇ ಬಣ್ಣದ್ದು: ತೇರ್ಗಡೆಯಾದ ಕಲ್ಲಿಗೆ ಮಾತ್ರ.

ಖಾಜಾಮಿಯಾ ವರದಿಯ ಮಾತು ಕೇಳಿ ಸಿಟ್ಟಿನಿಂದ ಬಂದರು. “ನಮ್ಮ ಕಲ್ಲಿನ ಇಜ್ಜತ್ ತೆಗದ್ರಿ ಸಾಬ್. ನಮ್ಮಪ್ಪನ ಕಾಲದಿಂದ ಶಹಾಬಾದ ಅಂದ್ರ ಕೆಂಪ ಗೆರಿ. ಈಗ ನಿಮ್ಮ ಊರ ಮಂದಿಗಿ ಎತ್ತಿ ಕುಂದ್ರಸಾಕತ್ತೀರಿ.”

ಹದಿನಾರು ವರ್ಷ ನಾನು ತಪ್ಪಿಸಿಕೊಂಡಿದ್ದ ಮಾತು ಬಂದೇಬಿಟ್ಟಿತು. ಅಷ್ಟು ದೊಡ್ಡದಾಗಿ ಕೇಳಿಸಲಿಲ್ಲ. ಸುತ್ತಿಗೆಯನ್ನು ಅವರ ಕೈಗೆ ಕೊಟ್ಟು, ಅಂಗಳದಲ್ಲಿ ಗುರುತಿಲ್ಲದೆ ಜೋಡಿಸಿದ್ದ ಕಲ್ಲುಗಳನ್ನು ತೋರಿಸಿದೆ. “ನೀವೇ ಬಡಿಯಿರಿ. ಒಳ್ಳೆಯವನ್ನು ಈ ಕಡೆ ಹಾಕಿಸಿರಿ.”

ಅವರ ಕಿವಿ ಒಳ್ಳೆಯದು. ಬಡಿದು, ತಲೆಯಾಡಿಸಿ, ಆರಿಸಿದರು. ಆಮೇಲೆ ಯಾವುದು ಯಾವ ಗಣಿಯದೆಂದು ಹೇಳಿದೆ. ಅವರು ತಳ್ಳಿಹಾಕಿದವುಗಳಲ್ಲಿ ಶಹಾಬಾದದವೂ ಇದ್ದವು. ಗಡ್ಡ ಕೆರೆದುಕೊಂಡು ನಿಂತರು.

“ಲಾಹೋಲ್! ನಮ್ಮ ಕಲ್ಲಿಗಿ ನಾನೇ ಫೇಲ್ ಮಾಡ್ದೆ. ಯಾರ ಮುಂದೂ ಹೇಳಬ್ಯಾಡ್ರಿ ಸಾಬ್.”

ಅವರೇ ಸಂಜೆಯೊಳಗೆ ಎಲ್ಲರ ಮುಂದೆಯೂ ಹೇಳಿದ್ದರು.

೧ ಡಿಸೆಂಬರ್

ಅಮೆರಿಕದ ಹೊಸ ಕಾನೂನು ಇಂದಿನಿಂದ ಜಾರಿಗೆ ಬಂದಿದೆ. ಅನಸುಬಾಯಿ ಹೊಸ ಅರ್ಜಿಯನ್ನು ಮದ್ರಾಸಿಗೆ ಕಳುಹಿಸಿದಳು.

ಶೇಠರು ನನ್ನ ವರದಿಯನ್ನು ಒಪ್ಪಲಿಲ್ಲ. ರಾವೂರ ತಂಡಕ್ಕೆ ಮೊದಲ ದರ್ಜೆಯ ದರ ಕೊಡುವುದಿಲ್ಲ ಎಂದರು. ಸಾಗಣೆಯ ಚೀಟಿಗೆ ನಾನು ಸಹಿ ಹಾಕಲಿಲ್ಲ. “ಈ ವಯಸ್ಸಿನ್ಯಾಗ ನೌಕರಿ ಬಿಟ್ಟು ಎಲ್ಲಿ ಹೋಗ್ತಿ? ಅಮೆರಿಕಾಕ್ಕೇನು?” ಎಂದು ಕೇಳಿದರು. ಮನೆಗೆ ಹೋಗುತ್ತೇನೆಂದು ಹೇಳಿ ಮನೆಗೆ ಬಂದೆ.

ಲಾಲಮ್ಮನಿಗೆ ತಿಳಿಸಿದೆ. ಆಕೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಖಂಡೆಪ್ಪನ ಹೇಣ್ತಿ ಮರೆಮ್ಮ ನನ್ನ ಸಂಗಟ ಆಡಿದಾಕಿ. ಈಗ ಆಕಿ ಮಾರಿ ನೋಡಿ ಮಾತಾಡಬಹುದು ನಾ.”

ಇಷ್ಟು ವರ್ಷ ಆಕೆಗೆ ಅಂಥ ಅಡ್ಡಿಯಿತ್ತೆಂದು ನನಗೆ ತಿಳಿದಿರಲಿಲ್ಲ.

೧೧ ಡಿಸೆಂಬರ್

ರೈಲ್ವೆಯ ಇಂಜಿನಿಯರು ಕಲ್ಲು ಏಕೆ ಬಂದಿಲ್ಲವೆಂದು ವಿಚಾರಿಸಿದ್ದಾರೆ. ಶೇಠರು ನನ್ನನ್ನು ಮತ್ತೆ ಕರೆಸಿ ವರದಿಯನ್ನೂ ರಾವೂರ ತಂಡದ ಹೊಸ ದರವನ್ನೂ ಒಪ್ಪಿದರು. ಕೃತಜ್ಞತೆಯ ಮಾತು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇಲ್ಲ. ಖಂಡೆಪ್ಪ ಮಾತ್ರ, “ಅಂತೂ ಮನಿ ಮಗಗ ಕುರ್ಚಿ ಕೊಟ್ರಿ, ಧರ್ಮಣ್ಣಾ,” ಎಂದ. ಗಣಿಯಲ್ಲಿ ಇಷ್ಟು ವರ್ಷ ಸಾಹೇಬ್ರೇ ಎನ್ನುತ್ತಿದ್ದ.

ಡಬ್ಬಿಯಲ್ಲಿ ಉಳಿದಿದ್ದ ಕಪ್ಪು ಬಣ್ಣವನ್ನು ಕಚೇರಿಯ ಕಿಟಕಿಯ ಸರಳುಗಳಿಗೆ ಬಳಿಸಿದೆ. ಸರಳುಗಳು ತುಕ್ಕು ಹಿಡಿದಿದ್ದವು.

೧೬ ಜನವರಿ ೧೯೬೬

ಮದ್ರಾಸಿನಿಂದ ಏನೂ ಇಲ್ಲ.

೩೦ ಜನವರಿ

ಇಲ್ಲ.

ನೆರೆಮನೆಯ ಸಾಬಮ್ಮ ಅಂಗಳದಲ್ಲಿ ನಿಂತು ಲಾಲಮ್ಮನಿಗೆ ಹೇಳುತ್ತಿದ್ದದ್ದು ಒಳಗೆ ಕೇಳಿಸಿತು. “ಮುವ್ವತ್ತು ಆತು ಪೋರಿಗಿ. ಮದುವಿ ಮಾಡೂದು ಬಿಟ್ಟು ಕಾಗದ ಕಾಯಾಕತ್ತೀರಿ.”

ಉತ್ತರ ಕೊಟ್ಟವಳು ಅನಸುಬಾಯಿ. “ಕಾಕು, ಹೋದ ವಾರ ನಿನ್ನ ಮೊಮ್ಮಗಗ ರಾತ್ರಿ ಉಸಿರು ಹತ್ತಿದಾಗ ನನಗ ಮದುವಿ ಆಗ್ಯದೋ ಇಲ್ಲೋ ಅಂತ ಕೇಳಿದ್ದೇನ?”

“ಏ, ಅದ ಬ್ಯಾರಿ ಮಾತು ಯವ್ವಾ,” ಎಂದು ಸಾಬಮ್ಮ ನಕ್ಕು, ಹೋಗುವಾಗ ಕರಿಬೇವು ಕೇಳಿ ತೆಗೆದುಕೊಂಡು ಹೋದಳು.

ಆ ಮಾತು ಲಾಲಮ್ಮನನ್ನು ಮಾತ್ರ ಬೇರೆ ಕಡೆಗೆ ಒಯ್ದಿತು. ಊಟಕ್ಕೆ ಕುಳಿತಾಗ ಕೇಳಿದಳು: “ಖರೆ ಹೇಳು ಅನಸು. ನೀ ಹೋದ್ರ ಇಲ್ಲಿ ಕೂಸುಗಳ ಎದಿ ಕೇಳೋರು ಯಾರು?”

ಅನಸುಬಾಯಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. “ಕೇಳಿ ಏನ್ ಮಾಡ್ಲಿ ಯವ್ವಾ? ಇದರ ಎದಿಯಾಗ ತೂತು ಅದ ಅಂತ ಹೇಳ್ತೀನಿ. ಮುಚ್ಚಲಿಕ್ಕ ಬರೂದಿಲ್ಲ. ತಾಯಂದ್ರು ನನ್ನ ಮಾರೀನೇ ನೋಡ್ತಾರ. ಮುಚ್ಚೂದು ಕಲೀಬೇಕು. ಕಲ್ತ ಮ್ಯಾಲ ಎಲ್ಲಿರ್ತೀನೋ, ಈಗ ಆಣಿ ಮಾಡಂಗಿಲ್ಲ.”

ಸುಳ್ಳು ವಚನ ಕೊಡದಿರುವುದನ್ನು ಆಕೆಗೆ ಯಾರೂ ಕಲಿಸಿದ್ದಲ್ಲ. ಲಾಲಮ್ಮ ಮಜ್ಜಿಗೆ ಬಡಿಸಿದಳು.

೧೯ ಫೆಬ್ರವರಿ

ಕರೆ ಬಂದಿದೆ. ಮಾರ್ಚ್ ಹತ್ತರಂದು ಮದ್ರಾಸಿನಲ್ಲಿ ಸಂದರ್ಶನ.

೧೦ ಮಾರ್ಚ್, ಮದ್ರಾಸು

ಕಾನ್ಸುಲೇಟಿನ ಹೊರಗೆ ಮರದ ಕೆಳಗೆ ಕಾದೆ. ಒಳಗೆ ಬಿಡುತ್ತಿದ್ದರು, ನಾನೇ ಹೋಗಲಿಲ್ಲ. ಅದು ಆಕೆಯ ಕೆಲಸ.

೧೯೩೨ರಲ್ಲಿ ಹೈದರಾಬಾದಿನ ಒಂದು ಔದ್ಯೋಗಿಕ ಶಾಲೆಯ ಗೇಟಿನ ಹೊರಗೆ ನನ್ನ ತಂದೆ ಹೀಗೆಯೇ ನಿಂತಿದ್ದರು. ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಒಳಗೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಗಣಿತದ್ದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಗಣಿತದ ಪ್ರಶ್ನೆ ಬರುವವರೆಗೆ ನಿಂತಿದ್ದೆ ಎಂದು ಮಾತ್ರ ಬರೆಯುತ್ತೇನೆ.

ಅನಸುಬಾಯಿ ಹೊರಗೆ ಬಂದಳು. ಮುಖದಿಂದ ಏನೂ ತಿಳಿಯಲಿಲ್ಲ. ಈ ವಿಷಯದಲ್ಲಿ ಆಕೆ ನನ್ನಂತೆ.

“ಕೊಟ್ರು ಅಪ್ಪಾ.”

“ಏನು ಕೇಳಿದರು?”

“ಕೂಸುಗಳ ಎದೀದು ಕೇಳಿದ್ರು. ನೀಲಿ ತುಟಿ ಯಾಕ ಆಗ್ತಾವ, ಯಾವ ಆಪರೇಶನ್ ನೋಡೀರಿ, ಅಂಥಾವು. ಆ ಅಧಿಕಾರಿ ತಂಗೀಗಿ ಹಂಗೇ ಇತ್ತಂತ. ಭಾಳ ಹೊತ್ತು ಮಾತಾಡಿದ್ರು.”

“ಹುಟ್ಟಿದ ಊರು?”

“ಅದೂ ಕೇಳಿದ್ರು, ಕಡೀಗಿ. ರಾವೂರ ಅಂದೆ. ಸ್ಪೆಲ್ಲಿಂಗ್ ಹೇಳ್ರಿ ಅಂದ್ರು. ಹೇಳ್ದೆ. ಬರಕೊಂಡ್ರು. ಅಷ್ಟ.”

ಅಷ್ಟೇ. ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆವು. ಬಿಸಿಲು ಹೆಚ್ಚಾಗಿದ್ದರಿಂದ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೋಟೆಲಿನಲ್ಲಿ ಕಾಫಿ ಕುಡಿದೆವು. ಆಕೆ ಇಡ್ಲಿಯನ್ನೂ ತಿಂದಳು.

೨೨ ಮೇ, ವಾಡಿ

ಇಂದು ಮುಂಬಯಿ ಗಾಡಿಗೆ ಅನಸುಬಾಯಿಯನ್ನು ಕಳುಹಿಸಿಕೊಟ್ಟೆವು. ಅಲ್ಲಿಂದ ವಿಮಾನ.

ಬೆಳಿಗ್ಗೆ ಬುದ್ಧನ ಪಟದ ಮುಂದೆ ಮೂವರೂ ವಂದನೆ ಹೇಳಿದೆವು. ಲಾಲಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಸ್ಟೇಶನ್ನಿಗೆ ಖಾಜಾಮಿಯಾ ಬಂದಿದ್ದರು. ರಾವೂರದಿಂದ ಖಂಡೆಪ್ಪನೂ ಮರೆಮ್ಮನೂ ಬಂದಿದ್ದರು. ಇಬ್ಬರು ಗಂಡಸರೂ ಗಾಡಿಗಾಗಿ ಬಂದವರಂತಿರಲಿಲ್ಲ. ಹೊಸ ಪ್ಲಾಟ್‌ಫಾರ್ಮಿನ ಕಲ್ಲುಗಳನ್ನು ಬಗ್ಗಿ ನೋಡುತ್ತ ಜಗಳವಾಡುತ್ತಿದ್ದರು.

“ಇದು ನಮ್ಮದು ನೋಡು, ಶಹಾಬಾದ. ಹೊಳಪು ನೋಡು.”

“ಹೋಗೋ ಮಾರಾಯಾ! ನನ್ನ ಕೈಲೇ ಎಬ್ಬಿಸಿದ ಕಲ್ಲು ನನಗ ಗುರ್ತ ಸಿಗೂದಿಲ್ಲೇನ? ಇದು ರಾವೂರದು.”

“ಬೆನ್ನು ತಿರುವಿ ನೋಡೂಣೇನ?”

“ತಿರುವು. ಅಲ್ಲಿ ಎಲ್ಲಾಕ್ಕೂ ಒಂದ ಬಣ್ಣದ ಗೆರಿ ಈಗ!”

ಮರೆಮ್ಮ ಲಾಲಮ್ಮನ ಕೈ ಹಿಡಿದು ನಿಂತಿದ್ದಳು. ಗಾಡಿ ಬಂದಿತು. ಅನಸುಬಾಯಿ ತಾಯಿಯ ಕಾಲು ಮುಟ್ಟಿದಳು. ನನ್ನ ಕಾಲು ಮುಟ್ಟಲು ಬಗ್ಗಿದವಳು ಹಾಗೆಯೇ ಕುಳಿತು, ಬೆರಳ ಗೆಣ್ಣಿನಿಂದ ಹಾಸುಗಲ್ಲನ್ನು ಎರಡು ಸಲ ಬಡಿದು, ಕಿವಿಯನ್ನು ಹತ್ತಿರ ತಂದಳು. ಜನ ನೋಡುತ್ತಿದ್ದರು. ಆಕೆಗೆ ಅದರ ಪರಿವೆಯಿರಲಿಲ್ಲ.

“ಛಲೋ ನುಡೀತದ ಅಪ್ಪಾ. ಯಾವ ಗಣೀದು?”

ಬಗ್ಗಿ ನೋಡಿದೆ. ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡಿದ್ದೇನೆ. ಬಣ್ಣ, ಎಳೆ, ಅಂಚು ಎಲ್ಲವನ್ನೂ ನೋಡಿದೆ.

“ಗೊತ್ತಿಲ್ಲ,” ಎಂದೆ.

ಆಕೆ ಎದ್ದು ನಿಂತು ನಕ್ಕಳು. ಗಾರ್ಡಿನ ಸೀಟಿ ಆಯಿತು. ಗಾಡಿ ಕಣ್ಮರೆಯಾದ ಮೇಲೂ ಖಾಜಾಮಿಯಾ ಮತ್ತು ಖಂಡೆಪ್ಪ ಅದೇ ಕಲ್ಲಿನ ಬಳಿ ನಿಂತಿದ್ದರು. ನಾನು ಅದರ ಮೇಲೆ ಕಾಲಿಟ್ಟು, ಪ್ಲಾಟ್‌ಫಾರ್ಮಿನ ಆ ತುದಿಯವರೆಗೂ ನಡೆದು ಬಂದೆ.